ಹುರುಳಿ ಒಕ್ಕೋಕೆ ರೋಡ್ ಬೇಡ, ಊರಿಗೊಂದು ಕಣ ಬೇಕು

ಮಾನ್ಯ ಸಂಪಾದಕರೇ,

ನಾನು ನಾಗಮಂಗಲದ ಕಡೆ ಎರಡೂವರೆ ಎಕರೆ ಖುಷ್ಕಿ ಜಮೀನಿರೋ ರೈತ. ರಾಗಿ, ಹುರುಳಿ, ಮಧ್ಯದ ಸಾಲಲ್ಲಿ ಅಕ್ಕಡಿಗೆ ಒಂದಿಷ್ಟು ಅವರೆ, ಅಷ್ಟೇ ನಮ್ಮ ಬೆಳೆ. ಸಂಕ್ರಾಂತಿ ಕಿಚ್ಚು ಹಾಯಿಸಿದ ಮಾರನೇ ದಿನದಿಂದ ಶಿವರಾತ್ರಿವರೆಗೂ ಮನೇಲಿ ಯಾರಿಗೂ ಬಿಡುವಿರಲ್ಲ, ಮೆದೆ ಕಿತ್ತು ರಾಗಿ ಒಕ್ಕಬೇಕು, ಹುಲ್ಲು ಒಟ್ಟಬೇಕು, ತಿಪ್ಪೆ ಗೊಬ್ಬರ ಹೊಲಕ್ಕೆ ಹೊಡೀಬೇಕು, ಅದರ ಮಧ್ಯೆ ಹುರುಳಿ. ಹುರುಳೀನ ಮಂಜು ಆರೋಕೆ ಮುಂಚೆನೇ ಕೀಳ್ಬೇಕು, ಬಿಸಿಲೇರಿದ್ರೆ ಕಾಯಿ ಸಿಡಿದು ಕಾಳು ಹೊಲದಲ್ಲೇ ಉದುರೋಗ್ತದೆ. ಒಕ್ಕೋಕೆ ಮಾತ್ರ ಉರಿ ಬಿಸಿಲೇ ಬೇಕು.

ಈ ಟೈಮಲ್ಲಿ ಪ್ರತಿ ವರ್ಷ ಪೇಪರ್‌ನಲ್ಲಿ ಒಂದು ಫೋಟೋ ಬರ್ತದೆ, ಟಾರ್ ರೋಡ್ ಮೇಲೆ ಹುರುಳಿ ಬಳ್ಳಿ, ಸವಾರರಿಗೆ ತೊಂದರೆ ಅಂತ. ಫೋಟೋ ಸುಳ್ಳಲ್ಲ. ಹೋದ ವರ್ಷ ನಾನೂ ರೋಡಲ್ಲೇ ಹಾಕಿದ್ದೆ, ನನ್ನ ಕಣ್ಣೆದುರೇ ಒಂದು ಸ್ಕೂಟರ್ ಜಾರಿ ಗಂಡ ಹೆಂಡ್ತಿ ಇಬ್ರೂ ಬಿದ್ರು, ಆ ತಾಯಿ ಮೊಣಕೈ ಮುರೀತು. ಅವರು ನನ್ನ ಬೈಯ್ಯಲೂ ಇಲ್ಲ. ಆವತ್ತಿಂದ ನನಗೆ ಆ ರೋಡಲ್ಲಿ ಹೋಗೋಕೇ ಸಂಕಟ. ಒಣಗಿದ ಬಳ್ಳಿ ಮೇಲೆ ಬ್ರೇಕ್ ಹಾಕಿದ್ರೆ ಟೈರ್ ನಿಲ್ಲಲ್ಲ, ಕಾರ್ ಅಡಿಗೆ ಸುತ್ಕೊಂಡ್ರೆ ಸೈಲೆನ್ಸರ್ ಬಿಸಿಗೆ ಬೆಂಕಿನೇ ಹತ್ಕೊಳ್ತದೆ, ರಾತ್ರಿ ರಾಶಿ ಕಾಯೋಕೆ ಅಂತ ಸುತ್ತ ಕಲ್ಲಿಡೋದಂತೂ ಇನ್ನೂ ದೊಡ್ಡ ತಪ್ಪು.

ಆದ್ರೆ ಒಕ್ಕೋನು ರೋಡಿಗೆ ಯಾಕೆ ಬಂದ ಅಂತ ಯಾರೂ ಬರೆಯಲ್ಲ. ನಮ್ಮೂರ ಕಣಗಳೆಲ್ಲ ಅಣ್ಣತಮ್ಮಂದಿರ ಭಾಗದಲ್ಲಿ ತುಂಡಾಗಿ ಮನೆ ಸೈಟ್ ಆದ್ವು, ಎತ್ತು ಮಾರಿದ್ವಿ, ಕಾಳು ಬಿಡಿಸೋಕೆ ಬಳ್ಳಿ ಮೇಲೆ ಉರುಳಿಸೋ ರೋಣಗಲ್ಲು ಎಳೆಯೋರಿಲ್ಲ, ಆಳು ಸಿಗಲ್ಲ. ರೋಡಲ್ಲಿ ಹಾಕಿದ್ರೆ ಬಸ್ಸು ಲಾರಿ ಪುಕ್ಕಟೆ ತುಳ್ಕೊಂಡು ಹೋಗ್ತವೆ ಅಂತ ಆಸೆ. ಲಾಭ ಏನಿಲ್ಲ ಕಣ್ರೀ, ಕಾಳಲ್ಲಿ ಜಲ್ಲಿ ಪುಡಿ ಸೇರ್ತದೆ, ಹೊಟ್ಟಿಗೆ ಆಯಿಲ್ ವಾಸನೆ ಹಿಡಿದು ಹಸು ಮೂತಿನೇ ಇಡಲ್ಲ. ರಾಗಿಗೂ ಅಷ್ಟೇ, 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 4886 ರೂಪಾಯಿ ಇದೆ, ಕಲ್ಲು ಮಣ್ಣು ಸೇರಿದ ರಾಗಿ ತಗೊಂಡು ಹೋದ್ರೆ ಖರೀದಿ ಕೇಂದ್ರದಲ್ಲಿ ವಾಪಸ್ ಕಳಿಸ್ತಾರೆ.

ಈ ಸಲ ಹೊಲದ ಮೂಲೇಲಿ ನಾವೇ ಕಣ ಮಾಡಿದ್ವಿ. ಮಣ್ಣು ಕೆರೆದು ಮಟ್ಟ ಮಾಡಿ, ನೀರು ಹಾಕಿ ತುಳಿದು, ಆರಿದ ಮೇಲೆ ನಮ್ಮವ್ವ ಸಗಣಿ ಬಗ್ಗಡ ಹಾಕಿ ಎರಡು ಸಲ ಸಾರಿಸಿದ್ಲು, ಬಿರುಕು ಉಳಿದ್ರೆ ಕಾಳೆಲ್ಲ ಅದರೊಳಗೇ ಹೋಗ್ತದೆ ಅಂತ. ತಿಪ್ಪೆ ಪಕ್ಕ ಅರ್ಧ ಹೂತೋಗಿದ್ದ ಅಪ್ಪನ ಕಾಲದ ರೋಣಗಲ್ಲು ಎತ್ತಿ ತಂದು ಬಾಡಿಗೆ ಟ್ರ್ಯಾಕ್ಟರ್‌ಗೆ ಕಟ್ಟಿದ್ವಿ. ಚಪ್ಪಲಿ ಬಿಟ್ಟು ಕಣಕ್ಕೆ ಇಳಿದಾಗ ಆದ ಸಮಾಧಾನ ರೋಡಲ್ಲಿ ಒಂದು ದಿನಾನೂ ಆಗಿರ್ಲಿಲ್ಲ, ರಾಶಿಗೆ ಬೆನವನ, ಅಂದ್ರೆ ಸಗಣಿ ಗಣಪನ್ನ ಇಟ್ಟು ಪೂಜೆನೂ ಆಯ್ತು.

ಆದ್ರೆ ಅರ್ಧ ಎಕರೆಯೋನು, ಗುತ್ತಿಗೆಗೆ ಮಾಡೋನು ಕಣಕ್ಕೆ ಜಾಗ ಎಲ್ಲಿಂದ ತರ್ತಾನೆ? ರೋಡಲ್ಲಿ ಒಕ್ಕಿದ್ರೆ ಕೇಸ್ ಹಾಕ್ತೀವಿ ಅನ್ನೋಕೆ ಮುಂಚೆ ಪಂಚಾಯ್ತಿಗಳು ಊರಿಗೊಂದು ಸಿಮೆಂಟ್ ಕಣ ಮಾಡಿಕೊಡ್ಲಿ, ಪಾಳಿ ಪ್ರಕಾರ ಮನೆಗೆ ಎರಡೆರಡು ದಿನ ಸಿಕ್ಕಿದ್ರೂ ಸಾಕು. ಮುಂದಿನ ಕೊಯ್ಲಿಗೆ ಮುಂಚೆ ಆಗ್ಬೇಕು ಅಂದ್ರೆ ಈಗಲೇ ಜಾಗ ಗುರುತು ಮಾಡ್ಬೇಕು. ಗ್ರಾಮಸಭೆಗೆ ನಾನು ಅರ್ಜಿ ಬರೆದಿಟ್ಟಿದೀನಿ. ಅಲ್ಲಿವರೆಗೆ ನಮ್ಮ ಕಣ ಇನ್ನೂ ಹದಿನೈದು ದಿನ ಹಂಗೇ ಇರ್ತದೆ, ಅಕ್ಕಪಕ್ಕದೋರು ಯಾರಾದ್ರೂ ಹುರುಳಿ ತಂದು ಹಾಕ್ಕೊಳ್ಳಲಿ, ರೋಣಗಲ್ಲೂ ಅಲ್ಲೇ ಇದೆ.

– ಒಬ್ಬ ರೈತ, ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ