ಬೀಗರು ಬರುವ ಮುಂಚೆ

ಪುಟ್ಟೀ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಯಾರು ಏನಂದೆವು ಅಂತ ಇಬ್ಬರಿಗೂ ಗೊತ್ತು, ಅದನ್ನು ಮತ್ತೆ ಎಳೆಯೋದು ಬೇಡ. ಹೋಟೆಲ್ ಬುಕ್ ಮಾಡಿದ್ದೀಯ, ಆಗಲಿ. ಆದರೆ ಬೀಗರು ಇಬ್ಬರೇ, ನಿಮಗಿಂತ ಒಂದು ವಾರ ಮುಂಚೆ, ರಾತ್ರಿ ಒಂದೂವರೆಗೆ ಬೆಂಗಳೂರಿಗೆ ಬಂದು ಇಳಿಯುತ್ತಾರೆ. ‘ಅವರೇನು ಚಿಕ್ಕ ಮಕ್ಕಳಾ ಅಮ್ಮಾ, ಟ್ಯಾಕ್ಸಿ ಹಿಡಿದು ಹೋಗ್ತಾರೆ’ ಅಂದೆಯಲ್ಲ, ಆ ಮಾತು ನನಗೆ ನಿದ್ದೆ ಕೊಡುತ್ತಿಲ್ಲ.

ನಾನೂ ಚಿಕ್ಕ ಮಗು ಆಗಿರಲಿಲ್ಲ ಕಣೇ. 31 ವರ್ಷ ಬ್ಯಾಂಕಿನಲ್ಲಿ ದುಡಿದವಳು. 2018ರಲ್ಲಿ ನಿನ್ನ ಮದುವೆಗೆ ಜರ್ಮನಿಗೆ ಬಂದಾಗ, ನೀನು ಬರೆದು ಕಳಿಸಿದ ಚೀಟಿ ಕೈಯಲ್ಲಿತ್ತು. ಪ್ಲಾಟ್‌ಫಾರಂ ಸರಿ, ರೈಲೂ ಸರಿ. ಪ್ಲಾಟ್‌ಫಾರಂನ ಆ ತುದಿಯಲ್ಲಿ ನಾನೊಬ್ಬಳೇ. ಬಾಗಿಲ ಮುಂದೆಯೇ ನಿಂತಿದ್ದೆ. ನಮ್ಮ ಮೆಟ್ರೊ ಬಾಗಿಲಿನ ಹಾಗೆ ತಾನೇ ತೆರೆಯುತ್ತದೆ ಅಂತ ಕಾದೆ. ರೈಲು ಹೊರಟುಹೋಯಿತು. ಮುಂದಿನದೂ ಹಾಗೇ ಹೋಯಿತು. ಒಳಗೆ ಕೂತಿದ್ದ ಒಬ್ಬ ಹೆಂಗಸು ಗಾಜಿನ ಆಚೆಯಿಂದ ಬೆರಳಲ್ಲಿ ಏನೋ ಒತ್ತುವ ಹಾಗೆ ತೋರಿಸಿದಳು. ನನಗೆ ಅರ್ಥವೇ ಆಗಲಿಲ್ಲ. ಮೂರನೆಯದಕ್ಕೆ ಒಬ್ಬ ಹುಡುಗ ಓಡಿ ಬಂದು ಬಾಗಿಲ ಮೇಲಿದ್ದ ಗುಂಡಿ ಒತ್ತಿದ. ಅಷ್ಟೂ ಹೊತ್ತು ಅದು ನನ್ನ ಕಣ್ಣೆದುರೇ ಇತ್ತು. ಚಕ್ಕುಲಿ ಡಬ್ಬ ತೊಡೆ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅತ್ತೆ. ನೀನು ನಕ್ಕು, ‘ಒತ್ತಬೇಕು ಅಂತ ಹೇಳೋದೇ ಮರೆತೆ’ ಅಂದೆ.

ಆ ರಾತ್ರಿ ನಿನ್ನ ಅತ್ತೆ ಮಾಡಿದ ಸೂಪ್ ಮುಟ್ಟದೆ ಮಲಗಿದೆ. ತಲೆನೋವು ಅಂದೆ. ತಲೆನೋವಿರಲಿಲ್ಲ. ನಿನ್ನ ಮೇಲಿನ ಸಿಟ್ಟನ್ನು ಆಕೆಯ ಮೇಲೆ ತೀರಿಸಿಕೊಂಡೆ. ತಪ್ಪು ನನ್ನದು. ಇಷ್ಟು ವರ್ಷ ಹೇಳಲಿಲ್ಲ.

ಆ ಊರನ್ನು ಒಬ್ಬಳೇ ಕಲಿತೆ ನೀನು, ಗುಂಡಿ ಒತ್ತೋದು ನಿನಗೆ ಉಸಿರಾಟದ ಹಾಗೆ ಆಗಿತ್ತು. ಅದಕ್ಕೇ ಹೇಳಲು ಮರೆತೆ, ಅಲ್ವಾ? ಅದು ನನಗೆ ಹೆಮ್ಮೆಯೇ. ಆದರೆ ಬೆಂಗಳೂರಿನ ವಿಷಯದಲ್ಲಿ ಹಾಗೆ ಮರೆಯಬೇಡ. ನನಗೆ ಬೀಗರ ಭಾಷೆ ಬರಲ್ಲ. ನೀನೇ ಕೂತು ಹೇಳು.

ಮೊದಲು ಪ್ಲಗ್ ವಿಷಯ. ಅಲ್ಲೂ ಇಲ್ಲೂ 230 ವೋಲ್ಟೇ. ಆದರೆ ಅವರ ದಪ್ಪ ದುಂಡು ಪ್ಲಗ್ ಇಲ್ಲಿ ಕೂರಲ್ಲ, ಅಡಾಪ್ಟರ್ ಇರಲಿ. ಪ್ಲಗ್ ಪಕ್ಕದ ಸ್ವಿಚ್ ಹಾಕಬೇಕು ಅಂತಲೂ ಹೇಳು. ಅವರ ಮನೆಯ ಗೋಡೆಯಲ್ಲಿ ಆ ಸ್ವಿಚ್ಚೇ ಇರಲಿಲ್ಲ, ನಾನೇ ನೋಡಿದ್ದೇನೆ. ಸುಮ್ನೆ ಚಾರ್ಜರ್ ಸಿಕ್ಕಿಸಿ, ಬೆಳಿಗ್ಗೆ ಫೋನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಗೀಜರ್ ಸ್ವಿಚ್ ಕೆಲವು ಕಡೆ ಬಚ್ಚಲಿನ ಹೊರಗಿರುತ್ತದೆ.

ಆ್ಯಪ್ ಟ್ಯಾಕ್ಸಿ ಹತ್ತಿದರೆ ಡ್ರೈವರ್ ಓಟಿಪಿ ಕೇಳುತ್ತಾನೆ. ಯಾರಿಗೂ ಓಟಿಪಿ ಹೇಳಬೇಡಿ ಅಂತ ಕೌಂಟರಿನಲ್ಲಿ ಕೂತು ಎಷ್ಟು ಜನಕ್ಕೆ ಹೇಳಿದ್ದೇನೋ. ಅವರಿಗೂ ಅವರ ಬ್ಯಾಂಕು ಅದನ್ನೇ ಹೇಳಿರುತ್ತದೆ. ರಾತ್ರಿ ಎರಡು ಗಂಟೆಗೆ ಗುರುತಿಲ್ಲದವನು ಕೇಳಿದರೆ ಹೆದರಲ್ವಾ? ಟ್ಯಾಕ್ಸಿಯ ನಾಲ್ಕು ಅಂಕಿ ಹೇಳಬಹುದು, ಬ್ಯಾಂಕಿನದು ಹೇಳಬಾರದು ಅಂತ ಬಿಡಿಸಿ ಹೇಳು.

ಏರ್‌ಪೋರ್ಟ್ ಊರ ಮಧ್ಯದಿಂದ ಸುಮಾರು 35 ಕಿಲೋಮೀಟರ್. ಮೆಟ್ರೊ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಕೆಐಎ-9 ವಾಯುವಜ್ರ ಬಸ್ಸು ಮೆಜೆಸ್ಟಿಕ್‌ಗೆ ಬರುತ್ತದೆ. ಟರ್ಮಿನಲ್‌ನಿಂದ ಹೊರಗೆ ಬಂದ ಮೇಲೆ ಮತ್ತೆ ಒಳಗೆ ಬಿಡಲ್ಲ, ದುಡ್ಡು ತೆಗೆಯೋದು, ಸಿಮ್ ವಿಚಾರಿಸೋದು ಎಲ್ಲ ಒಳಗೇ ಮುಗಿಸಲಿ. ವಾಪಸ್ ಹೋಗುವಾಗ ಬಾಗಿಲಲ್ಲೇ ಟಿಕೆಟ್, ಪಾಸ್‌ಪೋರ್ಟ್ ನೋಡುತ್ತಾರೆ. ಟಿಕೆಟ್ ಪ್ರಿಂಟ್ ತೆಗೆದಿಟ್ಟುಕೊಳ್ಳಲಿ.

ಆಟೋ ಮೀಟರ್ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ಮೆಟ್ರೊದಲ್ಲಿ ಬ್ಯಾಗನ್ನು ಮೆಷಿನ್ನಿಗೆ ಹಾಕಬೇಕು. ನಮ್ಮ ಮನೆಗೆ ಬರೋದಾದರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನ್ ಇಳಿದು ಹಸಿರು ಹತ್ತಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿಯಲಿ. ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡಬೇಕು. ಇದನ್ನು ಎರಡು ಸಲ ಹೇಳು. ನಲ್ಲಿ ನೀರು ಕುಡಿಯೋದು ಬೇಡ. ಏನೇ ಆದರೂ 112, ಆಂಬುಲೆನ್ಸ್ ಬೇಕಾದರೆ 108. ನೀನೂ ಬರೆದಿಟ್ಟುಕೋ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯ ತಾನೆ? ಭಾನುವಾರ ಮುಖ ಇಳಿದುಹೋಗಿತ್ತು.

ಇನ್ನೊಂದು. ಹೊರದೇಶದವರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ವಿದೇಶೀಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಅದನ್ನು ಹೇಗೆ ಮಾಡೋದು ಅಂತ ನಾನಾಗಲೇ ಕಲಿತಿದ್ದೇನೆ. ಒತ್ತಾಯ ಇಲ್ಲ. ಹೋಟೆಲ್ ಬೇಜಾರಾದರೆ ನಿನ್ನ ರೂಮು ಖಾಲಿ ಇದೆ.

ಟ್ಯಾಕ್ಸಿ ಇರಲಿ, ಇಲ್ಲದಿರಲಿ, ಅವತ್ತು ರಾತ್ರಿ ಎರಡನೇ ಟರ್ಮಿನಲ್ ಹೊರಗೆ ನಾನು ನಿಂತಿರುತ್ತೇನೆ. ಬೇಡ ಅನ್ನಬೇಡ. ಅವರಿಬ್ಬರ ಹೆಸರನ್ನು ಅವರ ಅಕ್ಷರದಲ್ಲೇ ದೊಡ್ಡದಾಗಿ ಬರೆದು ಕಳಿಸು. ರಟ್ಟು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ನಿನ್ನ,
ಅಮ್ಮ