ಥೀಸಿಸ್ ಮುಗಿಯಿತು, ಇವರಿಗೆಲ್ಲ ಥ್ಯಾಂಕ್ಸ್ ಹೇಳಬೇಕು

ಕಳೆದ ವಾರ ವೈವಾ ಆಯಿತು. ಪಿಎಚ್‌ಡಿ ಮುಗಿಯಿತು. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಡಲು ಆಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಊರಲ್ಲಿ ಈಗಲೂ ಕೆಲವರು ಕೇಳುತ್ತಾರೆ, "ಸಿನಿಮಾ ಮಾಡಿದ್ರೆ ಡಾಕ್ಟರೇಟ್ ಕೊಡ್ತಾರಾ?" ಅಂತ. ಕೊಡುತ್ತಾರೆ. ಬೇರೆಯವರ ಸಿನಿಮಾ ನೋಡಿ ಅದರ ಬಗ್ಗೆ ಬರೆಯುವುದು ಒಂದು ದಾರಿ. ಸಿನಿಮಾ ಮಾಡುತ್ತಲೇ ಒಂದು ಪ್ರಶ್ನೆಯ ಬೆನ್ನು ಹತ್ತುವುದು ಇನ್ನೊಂದು ದಾರಿ. ಎರಡನೆಯದರಲ್ಲಿ ಸಿನಿಮಾವನ್ನೂ ಕೊಡಬೇಕು, ಬರಹವನ್ನೂ ಕೊಡಬೇಕು. ಈ ಶಾಟ್ ಯಾಕೆ ಇಷ್ಟು ಉದ್ದ, ಇಲ್ಲಿ ಯಾಕೆ ಕಟ್ ಮಾಡಿದೆ, ಇದನ್ನು ಯಾಕೆ ತೋರಿಸಲಿಲ್ಲ ಅಂತ ಪರೀಕ್ಷಕರು ಕೇಳುತ್ತಾರೆ. ನನ್ನನ್ನು ಜಾಸ್ತಿ ಕೇಳಿದ್ದು ಕೊನೆಯ ಪ್ರಶ್ನೆಯನ್ನೇ.

ಯಾಕೆಂದರೆ ನನ್ನ ಕೆಲಸ ಶುರುವಾದದ್ದೇ ಅಲ್ಲಿಂದ. 2018ರ ಆಗಸ್ಟ್‌ನ ಮಳೆಗೆ ನಮ್ಮ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು ನಿಮಗೆ ನೆನಪಿದೆ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ. ನಮ್ಮ ಊರುಗಳ ಹೆಸರು ಟೀವಿಯಲ್ಲಿ ಹಾಗೆ ಕೇಳಿಬಂದದ್ದು ಅದೇ ಮೊದಲು. ಗುಡ್ಡದ ಜೊತೆ ಮನೆ ಜಾರಿ ಹೋಗುವ ದೃಶ್ಯವನ್ನು ದಿನವಿಡೀ ತೋರಿಸಿದರು. ಆ ದೃಶ್ಯದ ಒಂದು ತುಣುಕನ್ನೂ ಬಳಸದೆ, ಮನೆ ಕಳೆದುಕೊಂಡವರ ಜೊತೆ ಕೂತು ಸಿನಿಮಾ ಮಾಡಲು ಆಗುತ್ತಾ? ಕಣ್ಣಿಗಿಂತ ಕಿವಿಯನ್ನು ನಂಬಿದರೆ ಏನು ಸಿಗುತ್ತದೆ? ಇಷ್ಟೇ ಇಟ್ಟುಕೊಂಡು ಹೊರಟಿದ್ದೆ.

ಗೈಡ್ ಮೇಡಂಗೆ ಮೊದಲ ಥ್ಯಾಂಕ್ಸ್. ಫ್ರೆಂಚ್ ಸಾಕ್ಷ್ಯಚಿತ್ರ ನಿರ್ದೇಶಕ ಜ್ಯಾಂ ರೂಶ್ ಅವರ ಕತೆ ಹೇಳಿದ್ದು ಅವರೇ. ರೂಶ್ 1950ರ ದಶಕದಲ್ಲಿ ಆಫ್ರಿಕಾದ ನೈಜರ್ ನದಿಯ ಹಿಪ್ಪೊ ಬೇಟೆಗಾರರ ಚಿತ್ರ ಮಾಡಿ, ಅದನ್ನು ಅವರ ಊರಿಗೇ ಒಯ್ದು ತೋರಿಸಿದರು. ಬೇಟೆಯ ದೃಶ್ಯಕ್ಕೆ ಅವರದೇ ಬೇಟೆ ಹಾಡಿನ ಸಂಗೀತ ಹಾಕಿದ್ದರು. ಬೇಟೆಗಾರರು ಒಪ್ಪಲಿಲ್ಲ. ನೀರಿನಲ್ಲಿರುವ ಹಿಪ್ಪೊಗೆ ಸದ್ದು ಕೇಳಿದರೆ ಓಡಿಹೋಗುತ್ತದಲ್ಲ, ಅಲ್ಲಿ ಸುಮ್ಮನಿರಬೇಕು ಅಂದರು. ರೂಶ್ ಸಂಗೀತ ತೆಗೆದರು. "ನೀನೂ ಎಡಿಟ್ ಮುಗಿಯುವ ಮೊದಲೇ ಅವರಿಗೆ ತೋರಿಸು" ಅಂದರು ಮೇಡಂ.

ತೋರಿಸಿದೆವು. ಪುನರ್ವಸತಿ ಕಾಲೊನಿಯ ಒಂದು ಮನೆಯಲ್ಲಿ, ಗೋಡೆಗೆ ಬಿಳಿ ಪಂಚೆ ಕಟ್ಟಿ. ಹೊಸ ಮನೆಯೊಳಗಿನ ದೃಶ್ಯಕ್ಕೆ ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದು ಇತ್ತು. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕೈ ಎತ್ತಿದರು. "ಇದು ಹಳೇ ಮನೆ ಮಳೆ ಕಣವ್ವ. ಈ ತಾರಸಿ ಮನೇಲಿ ಮಳೆ ಕೇಳ್ಸೋದೇ ಇಲ್ಲ. ಜೋರಾಗಿದ್ಯಾ, ನಿಂತಿದ್ಯಾ ಗೊತ್ತಾಗಲ್ಲ. ಅದಕ್ಕೇ ರಾತ್ರಿ ಎದ್ದೆದ್ದು ಬಾಗಿಲು ತೆಗೆದು ನೋಡ್ತೀನಿ." ನನ್ನ ಪ್ರಕಾರ ಇಡೀ ಥೀಸಿಸ್‌ನ ಮುಖ್ಯ ಮಾತು ಅದು. ಸಿನಿಮಾದ ಸೌಂಡ್ ಪೂರ್ತಿ ಬದಲಾದದ್ದು ಅಲ್ಲಿಂದ. ಈಗ ಹೊಸ ಮನೆಯ ದೃಶ್ಯಗಳಲ್ಲಿ ಫ್ರಿಜ್ಜಿನ ಸದ್ದಿದೆ, ಗಡಿಯಾರದ ಸದ್ದಿದೆ, ಬಾಗಿಲ ಚಿಲಕ ತೆಗೆದಾಗ ಮಾತ್ರ ಮಳೆ ಒಳಗೆ ನುಗ್ಗುತ್ತದೆ. ಆ ಅಜ್ಜಿಗೆ ನಾನು ಎಷ್ಟು ಋಣಿ ಅಂತ ಹೇಳಲು ಬರುವುದಿಲ್ಲ.

ಇನ್ನು ಜೀಪಿನ ಅಣ್ಣ.

ಮಾದಾಪುರದ ಸ್ಟ್ಯಾಂಡಿನಲ್ಲಿ ಮೊದಲ ದಿನ ಬಾಡಿಗೆ ಮಾತಾಡಿ ಹತ್ತಿದೆ. ಆಗ ನನ್ನನ್ನು ಮೇಡಂ ಅನ್ನುತ್ತಿದ್ದರು, ಆಮೇಲೆ ತಂಗಿ ಆದೆ. ರೆಕಾರ್ಡಿಂಗ್ ಅಂದರೆ ಇಂಜಿನ್ ಆಫ್ ಮಾಡಿದರೆ ಸಾಲದು, ಬಿಸಿ ಇಂಜಿನ್ ಟಿಕ್ ಟಿಕ್ ಅನ್ನುವುದೂ ಮೈಕಿಗೆ ಕೇಳುತ್ತದೆ ಅಂತ ಕಂಡುಕೊಂಡವರು ಅವರೇ. ಅಂದಿನಿಂದ ಜೀಪನ್ನು ತಿರುವಿನಾಚೆ ನಿಲ್ಲಿಸಿ ನಡೆದು ಬರುತ್ತಿದ್ದರು. ಮಳೆಗಾಲದಲ್ಲಿ ಇಲ್ಲಿ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಅವರು ಹಳೆಯ ಮರದ ಪೆಟ್ಟಿಗೆಯೊಳಗೆ ಬಲ್ಬ್ ಹಾಕಿ, ಕಾಫಿ ಒಣಗಿದೆಯಾ ಅಂತ ನೋಡುವ ಹಾಗೆ ದಿನಾ ಮುಚ್ಚಳ ತೆಗೆದು ಕೈಯಿಟ್ಟು ನೋಡುತ್ತಿದ್ದರು.

ಅಮ್ಮನನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಕರೆದೊಯ್ದ ವಿಷಯ ನಿಮಗೆಲ್ಲ ಗೊತ್ತು, ಏನಾಗಿತ್ತು ಅಂತ ಮತ್ತೆ ಬರೆಯುವುದಿಲ್ಲ. ಆ ರಾತ್ರಿ ಕರೆಂಟ್ ಇರಲಿಲ್ಲ, ನೆಟ್‌ವರ್ಕ್ ಇರಲಿಲ್ಲ. ಪಕ್ಕದ ಮನೆಯ ಹುಡುಗ ಬೈಕಿನಲ್ಲಿ ಹೋಗಿ ಅಣ್ಣನನ್ನು ಎಬ್ಬಿಸಿಕೊಂಡು ಬಂದ. ಸುಂಟಿಕೊಪ್ಪ ಮುಟ್ಟುವ ಮೊದಲೇ ರಸ್ತೆಗೆ ಅಡ್ಡಲಾಗಿ ಸಿಲ್ವರ್ ಮರ ಬಿದ್ದಿತ್ತು. ಅವರು ಇಳಿದು, ಕತ್ತಿಯಲ್ಲಿ ಕೊಂಬೆ ಸವರಿ, ಜೀಪಿಗೆ ಹಗ್ಗ ಕಟ್ಟಿ ಎಳೆದರು. ನಾನು ಹಿಂದೆ ಅಮ್ಮನ ತಲೆ ತೊಡೆ ಮೇಲಿಟ್ಟುಕೊಂಡು ಕೂತಿದ್ದೆ. ಟಾರ್ಚಿನ ಬೆಳಕಲ್ಲಿ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಹಗ್ಗ ಒಂದು ಸಲ ತುಂಡಾಯಿತು. ಅವರು ಏನೂ ಮಾತಾಡದೆ ಮತ್ತೆ ಗಂಟು ಹಾಕಿದರು.

ಮೈಸೂರು ಮುಟ್ಟಿದ ಮೇಲೆ ಹೊರಟುಬಿಡಬಹುದಿತ್ತು. ಹೋಗಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಒದ್ದೆ ಬಟ್ಟೆಯಲ್ಲೇ ನನ್ನ ಪಕ್ಕ ಕೂತರು. ನಾನು ಏನೇನೋ ಅಂದೆ. ಈ ಓದು ಬೇಡ, ಅಮ್ಮನನ್ನು ಬಿಟ್ಟು ಊರೂರು ಮೈಕ್ ಹಿಡಿದು ತಿರುಗಿದ್ದಕ್ಕೇ ಹೀಗಾಯ್ತು, ಎಲ್ಲ ಬಿಟ್ಟುಬಿಡ್ತೀನಿ ಅಂತ ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ 2018ರ ತಮ್ಮ ರಾತ್ರಿಯ ಬಗ್ಗೆ ಹೇಳಲು ಶುರು ಮಾಡಿದರು. ಅಷ್ಟು ಕಾಲ ಜೊತೆಗೆ ತಿರುಗಿದರೂ ಒಂದು ದಿನವೂ ಎತ್ತದ ಮಾತು. ಬೆಳಗಿನ ತನಕ ಹೇಳಿದರು.

ರೆಕಾರ್ಡರ್ ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಆ ಮಾತು ಸಿನಿಮಾದಲ್ಲಿ ಇಲ್ಲ, ಥೀಸಿಸ್‌ನಲ್ಲಿ ಇಲ್ಲ, ಇಲ್ಲೂ ಬರೆಯುವುದಿಲ್ಲ. ಅದು ಅವರದು. ಆದರೆ ಥೀಸಿಸ್‌ನ ಕೊನೆಯ ಅಧ್ಯಾಯ ಇರುವುದು ರೆಕಾರ್ಡ್ ಮಾಡದೆ ಬಿಟ್ಟ ಮಾತುಗಳ ಬಗ್ಗೆಯೇ. ವೈವಾದಲ್ಲಿ ಪರೀಕ್ಷಕರು ಜಾಸ್ತಿ ಹೊತ್ತು ನಿಂತದ್ದೂ ಅಲ್ಲೇ. ಸಂಶೋಧನೆಯಲ್ಲಿ ಬಿಡುವುದನ್ನೂ ಕಲಿಯಬೇಕು ಅಂತ ನಾನು ಎಷ್ಟೋ ಓದಿದ್ದೆ. ಅದು ಮೈಗೆ ಹತ್ತಿದ್ದು ಆ ವರಾಂಡದಲ್ಲಿ.

ಅಣ್ಣಾ, ಬಾಡಿಗೆ ಕೊಟ್ಟಾಗ ಆ ರಾತ್ರಿಯದು ಮಾತ್ರ ವಾಪಸ್ ಕೊಟ್ಟಿರಿ. ನಾನೂ ಬಲವಂತ ಮಾಡಲಿಲ್ಲ. ಸಿನಿಮಾದ ಕೊನೆಯಲ್ಲಿ ಸೌಂಡ್ ಅಂತ ಬರುವ ಕಡೆ ನನ್ನ ಹೆಸರಿನ ಜೊತೆ ನಿಮ್ಮ ಹೆಸರಿದೆ. ಸುಮ್ನೆ ಮರ್ಯಾದೆಗೆ ಹಾಕಿದ್ದಲ್ಲ. ಆ ಕೆಲಸ ನೀವು ಮಾಡಿದ್ದೀರಿ.

ಎಡಿಟಿಂಗಿಗೆ ಕೂತ ಗೆಳತಿಗೆ, ಕ್ಯಾಮೆರಾ ಕೊಟ್ಟ ಗೆಳೆಯನಿಗೆ, ಕಾಲೊನಿಯ ಎಲ್ಲ ಮನೆಗಳಿಗೆ, ಲೈಬ್ರರಿಯವರಿಗೆ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ನನ್ನನ್ನು ಕರೆಯದ ಅಪ್ಪನಿಗೆ, ಚಿಕ್ಕಮ್ಮನಿಗೆ ಮನಸಾರೆ ಥ್ಯಾಂಕ್ಸ್.

ಅಮ್ಮ ಈಗ ಚೆನ್ನಾಗಿದ್ದಾರೆ. ಸಿನಿಮಾವನ್ನು ಲ್ಯಾಪ್‌ಟಾಪಿನಲ್ಲಿ ಎರಡು ಸಲ ನೋಡಿದರು. ಎರಡನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದರು.

ಹುತ್ತರಿ ಹಬ್ಬ ಕಳೆದ ಮೇಲೆ ಕಾಲೊನಿಯಲ್ಲಿ ಪೂರ್ತಿ ಸಿನಿಮಾ ತೋರಿಸುತ್ತೇವೆ. ಈ ಸಲ ಒಳ್ಳೆಯ ಸ್ಪೀಕರ್ ತರುತ್ತಿದ್ದೇವೆ. ದಿನ ಗೊತ್ತಾದ ಕೂಡಲೇ ಹೇಳುತ್ತೇನೆ, ಎಲ್ಲರೂ ಬನ್ನಿ. ಗಾಡಿ ಇಲ್ಲದವರು ಮಾದಾಪುರದ ತನಕ ಬಂದರೆ ಸಾಕು, ಅಲ್ಲಿಂದ ಕರೆದುಕೊಂಡು ಬರುವುದು ತಮ್ಮ ಜವಾಬ್ದಾರಿ ಅಂತ ಜೀಪಿನ ಅಣ್ಣ ಆಗಲೇ ಹೇಳಿದ್ದಾರೆ.