ಕಪಾಟಿನ ಕ್ಯಾಸೆಟ್‌ಗಳಿಗೆ ಒಂದು ಕೋಣೆ ಕೊಡಿ: ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಂಸ್ಕೃತಿ ಸಚಿವರಿಗೆ,

ನಮಸ್ಕಾರ. ನಾನು ಸಾಕ್ಷ್ಯಚಿತ್ರಗಳ ಎಡಿಟರ್. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಹೆಂಗಸರ ಬದುಕಿನ ಬಗ್ಗೆ, ಅದರಲ್ಲೂ ತಮ್ಮ ಮೈಯನ್ನೇ ಕಲೆಯ ಸಾಮಗ್ರಿ ಮಾಡಿಕೊಂಡ ಕಲಾವಿದೆಯರ ಬಗ್ಗೆ ತೆಗೆದ ಚಿತ್ರಗಳೇ ನನ್ನ ಕೈಗೆ ಜಾಸ್ತಿ ಬಂದಿವೆ. ಆ ಚಿತ್ರಗಳ ಗತಿ ಏನಾಗುತ್ತಿದೆ ಅಂತ ನಿಮಗೆ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗಿ ನನ್ನ ಹತ್ತಿರ ಒಂದು ಮಿನಿ ಡಿವಿ ವಿಡಿಯೋ ಕ್ಯಾಸೆಟ್ ತಂದಳು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು ಅಷ್ಟೆ. ಅವಳ ತಾಯಿ ಪರ್ಫಾರ್ಮೆನ್ಸ್ ಕಲಾವಿದೆ, ಅಂದರೆ ಜನರ ಮುಂದೆ ತಮ್ಮ ಮೈಯಿಂದಲೇ ಕಲೆ ಮಾಡುತ್ತಿದ್ದವರು. ಈಗ ಅವರಿಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಅವರು ಮಾಡಿದ ಒಂದು ಪ್ರದರ್ಶನ ಆ ಟೇಪಿನಲ್ಲಿತ್ತು. ಇನ್ನೊಂದು ಕಾಪಿ ಇಲ್ಲ. ಕ್ಯಾಸೆಟ್ ಓಡಿಸುವ ನನ್ನ ಹಳೇ ಡೆಕ್ಕಿನ ಧೂಳು ಒರೆಸಿ, ಹೆಡ್ ಕ್ಲೀನ್ ಮಾಡಿ, ಕ್ಯಾಸೆಟ್ ಹಾಕಿದೆ. ಇಬ್ಬರೂ ಪಕ್ಕಪಕ್ಕ ಕೂತು ನೋಡಿದೆವು.

ಆ ತಾಯಿ ಒಂದು ಕುರ್ಚಿಯಲ್ಲಿ ಕೂತು ಮುಖಕ್ಕೆ ಹಸಿ ಜೇಡಿಮಣ್ಣು ಮೆತ್ತಿಕೊಳ್ಳುತ್ತಾರೆ. ಹಣೆ, ಕೆನ್ನೆ, ಕೊನೆಗೆ ತುಟಿ. ಆಮೇಲೆ ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂರುತ್ತಾರೆ. ಮಣ್ಣು ಒಣಗುವ ತನಕ. ಅಂಚಿನಿಂದ ಶುರುವಾಗಿ ಮಣ್ಣಿನ ಬಣ್ಣ ನಿಧಾನಕ್ಕೆ ತಿಳಿಯಾಗುತ್ತದೆ. ಮೂಗಿನ ಪಕ್ಕ ಮಾತ್ರ ಹಸಿ ಉಳಿದಿರುತ್ತದೆ. ಆಗ ಬಾಯಿ ತೆರೆದು ಅಜ್ಜಿಯ ಹೆಸರು ಹೇಳುತ್ತಾರೆ. ತುಟಿಯ ತುದಿಯಲ್ಲಿ ಒಂದು ಬಿರುಕು. ಅಮ್ಮನ ಹೆಸರು ಹೇಳುತ್ತಾರೆ. ಕೆನ್ನೆಯವರೆಗೆ ಇನ್ನೊಂದು ಬಿರುಕು. ಮೂರನೇ ಹೆಸರಿಗೆ ಬರುವ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದುಹೋಯಿತು. ಮುಖದ ತುಂಬ ಬೂದು ಚೌಕಗಳು. ಧ್ವನಿ ಮಾತ್ರ ತುಂಡು ತುಂಡಾಗಿ ಬರುತ್ತಿತ್ತು. ಹುಡುಗಿ ನನ್ನ ಕೈ ಹಿಡಿದು "ಅಕ್ಕಾ, ಅದು ನನ್ನ ಹೆಸರು" ಅಂದಳು.

ಅಮ್ಮ ತನ್ನ ಹೆಸರು ಹೇಳುವಾಗ ಆ ಮಣ್ಣಿನ ಮುಖ ಹೇಗಿತ್ತು ಅಂತ ಆ ಹುಡುಗಿಗೆ ಇನ್ನು ಗೊತ್ತಾಗುವುದಿಲ್ಲ. 45 ನಿಮಿಷದ ಟೇಪಿನಲ್ಲಿ ನಾನು ಉಳಿಸಿಕೊಟ್ಟಿದ್ದು 19 ನಿಮಿಷ.

ಸಚಿವರೇ, ಚಿತ್ರಕಲೆಯಾದರೆ ಗೋಡೆ ಮೇಲೆ ಇರುತ್ತದೆ. ನಾಟಕ ಮುಗಿದರೂ ಬರೆದ ಪುಸ್ತಕ ಇರುತ್ತದೆ. ಪರ್ಫಾರ್ಮೆನ್ಸ್ ಕಲೆ ಹಾಗಲ್ಲ. ಕಲಾವಿದೆ ಎದ್ದು ಹೋದರೆ ಮುಗಿಯಿತು. ಯಾರಾದರೂ ಕ್ಯಾಮೆರಾ ಹಿಡಿದಿದ್ದರೆ ಮಾತ್ರ ನಂತರದವರಿಗೆ ಅದು ಸಿಗುತ್ತದೆ. ಕಲಾವಿದೆ ಯೋಕೊ ಓನೋ 1964ರಲ್ಲಿ ಜಪಾನಿನ ಕ್ಯೋಟೊದಲ್ಲಿ 'ಕಟ್ ಪೀಸ್' ಅನ್ನುವ ಪ್ರದರ್ಶನ ಮೊದಲ ಸಲ ಮಾಡಿದರು. ವೇದಿಕೆಯ ಮೇಲೆ ಮಂಡಿಯೂರಿ ಕೂತು, ಮುಂದೆ ಕತ್ತರಿ ಇಟ್ಟುಕೊಂಡು, ಒಬ್ಬೊಬ್ಬರೇ ಬಂದು ನನ್ನ ಬಟ್ಟೆ ಕತ್ತರಿಸಿಕೊಂಡು ಹೋಗಿ ಅಂತ ಪ್ರೇಕ್ಷಕರನ್ನು ಕರೆದರು. ಮರುವರ್ಷ ನ್ಯೂಯಾರ್ಕಿನಲ್ಲಿ ಅದನ್ನೇ ಮಾಡಿದಾಗ ಸಾಕ್ಷ್ಯಚಿತ್ರಕಾರರಾದ ಮೇಸಲ್ಸ್ ಸಹೋದರರು ಶೂಟ್ ಮಾಡಿದರು. ಹತ್ತು ನಿಮಿಷವೂ ಇಲ್ಲದ ಕಪ್ಪು-ಬಿಳುಪು ಚಿತ್ರ. ಅದರಲ್ಲಿ ಒಬ್ಬ ಯುವಕ ಬಂದು ಒಳ ಉಡುಪಿನ ಪಟ್ಟಿಗೇ ಕತ್ತರಿ ಹಾಕುತ್ತಾನೆ. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಆಕೆಯ ಕಣ್ಣು ಒಂದು ಕ್ಷಣ ಅತ್ತಿತ್ತ ಹೋಗುತ್ತದೆ. ಕೈ ಎದೆಯ ಮೇಲೆ ಬರುತ್ತದೆ. ಆ ಕೈ ಎದ್ದದ್ದನ್ನು ಯಾವ ವಿಮರ್ಶೆಯ ಪುಟದಿಂದಲೂ ತಿಳಿಯಲು ಆಗುವುದಿಲ್ಲ. ನೋಡಬೇಕು. ನಾನು ಹುಟ್ಟುವ ಎಷ್ಟೋ ಮೊದಲು ನಡೆದದ್ದನ್ನು ನಾನು ನೋಡಲು ಸಾಧ್ಯವಾಗಿದ್ದು ಆ ರೀಲು ಉಳಿದದ್ದರಿಂದ.

ರೀಲಿಗಿಂತ ಟೇಪಿನ ಪಾಡು ಕೆಟ್ಟದ್ದು. ಹೆಚ್ಚಿನ ಟೇಪುಗಳು ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಲ್ಲಿ ಕೂರಿಸಿದ ಕಾಂತೀಯ ಪುಡಿ. ಆ ಅಂಟು ವರ್ಷಗಟ್ಟಲೆ ಗಾಳಿಯ ತೇವ ಹೀರಿ ಜಿಗುಟಾಗುತ್ತದೆ, ಪುಡಿ ಉದುರುತ್ತದೆ. ಮಿನಿ ಡಿವಿ ಟೇಪಿನ ಅಗಲ ಸುಮಾರು 6 ಮಿಲಿಮೀಟರ್. ಅಷ್ಟರಲ್ಲಿ ಒಂದು ಚುಕ್ಕೆ ಜಾಗ ಹಾಳಾದರೂ ಪರದೆಯ ಮೇಲೆ ದೊಡ್ಡ ಚೌಕ ಹಾರಬಹುದು. ಟೇಪ್ ಚೆನ್ನಾಗಿದ್ದರೂ ಓಡಿಸುವ ಯಂತ್ರ ಇಲ್ಲ. ವಿಎಚ್‌ಎಸ್ ಯಂತ್ರ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ನಿಲ್ಲಿಸಿತು. ಉಳಿದ ಯಂತ್ರ ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಬಲ್ಲವರಿಗೂ ವಯಸ್ಸಾಗಿದೆ. 2025ರೊಳಗೆ ಡಿಜಿಟಲ್ ಮಾಡಿಕೊಳ್ಳದ ಟೇಪುಗಳಲ್ಲಿ ಬಹುಪಾಲು ಕೈತಪ್ಪಿ ಹೋಗಬಹುದು ಅಂತ ಆಸ್ಟ್ರೇಲಿಯಾದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು. 2019ರಲ್ಲಿ ಯುನೆಸ್ಕೋ ಕೂಡ ಅದೇ ಎಚ್ಚರಿಕೆ ಕೊಟ್ಟಿತು. ಆ ಗಡುವು ಬಂದಾಯಿತು.

ಸಿನಿಮಾ ತಾರೆಯರ ಚಿತ್ರಗಳಿಗೆ ಹೇಗೋ ಯಾರೋ ದಿಕ್ಕಾಗುತ್ತಾರೆ. ಅವುಗಳಿಗೆ ಮಾರುಕಟ್ಟೆ ಇದೆ. ನಾನು ಹೇಳುತ್ತಿರುವ ಚಿತ್ರಗಳಿಗೆ ಇಲ್ಲ. ಒಂದು ಸಲ ಇಂಥದ್ದೇ ಚಿತ್ರಕ್ಕೆ ಧನಸಹಾಯ ಕೇಳಿ ಅರ್ಜಿ ತುಂಬಿಸಿದ್ದೆ. ಅದರಲ್ಲಿ ಕಥಾಸಾರಾಂಶ ಬರೆಯಿರಿ ಅಂತ ಇತ್ತು. ಏನು ಬರೆಯಲಿ? ಬೆಲ್ಜಿಯಂನ ನಿರ್ದೇಶಕಿ ಶಾಂಟಾಲ್ ಅಕೆರ್‌ಮನ್ 1975ರಲ್ಲಿ 'ಜಾನ್ ಡೀಲ್‌ಮನ್' ಚಿತ್ರ ತೆಗೆದಾಗ ಆಕೆಗೆ 25ರ ಆಸುಪಾಸು. ಒಬ್ಬ ಗೃಹಿಣಿಯ ಮೂರು ದಿನ, 201 ನಿಮಿಷ. ಆಲೂಗಡ್ಡೆ ಸಿಪ್ಪೆ ತೆಗೆಯುವುದು, ಪಾತ್ರೆ ತೊಳೆಯುವುದು, ಒಂದೊಂದು ಕೋಣೆಯ ದೀಪ ಆರಿಸುವುದು. ಸಾರಾಂಶ ಬರೆದರೆ ನಾಲ್ಕು ಸಾಲು. ಅದೇ ಚಿತ್ರವನ್ನು 2022ರಲ್ಲಿ ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಸಿನಿಮಾ ಪತ್ರಿಕೆಯ ಸಮೀಕ್ಷೆಯಲ್ಲಿ ವಿಮರ್ಶಕರು ಜಗತ್ತಿನ ಅತ್ಯುತ್ತಮ ಚಿತ್ರ ಅಂತ ಆರಿಸಿದರು. ಹೆಂಗಸೊಬ್ಬಳು ನಿರ್ದೇಶಿಸಿದ ಚಿತ್ರಕ್ಕೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು. ನಲವತ್ತೇಳು ವರ್ಷ ಬೇಕಾಯಿತು. ಅಷ್ಟು ವರ್ಷ ಆ ಚಿತ್ರವನ್ನು ಯಾರೋ ಜೋಪಾನ ಮಾಡಿದ್ದರು ಅಲ್ವಾ?

ಆ ಗೃಹಿಣಿಯ ಪಾತ್ರ ಮಾಡಿದ ನಟಿ ಡೆಲ್ಫಿನ್ ಸೇರಿಗ್. ಆಕೆಯ ಬಗ್ಗೆ ನಿಮಗೆ ಹೇಳಲೇಬೇಕು. ಅದೇ ಹೊತ್ತಿಗೆ ಆಕೆ ಸುಲಭವಾಗಿ ಕೈಯಲ್ಲಿ ಹಿಡಿಯಬಹುದಾದ ವಿಡಿಯೋ ಕ್ಯಾಮೆರಾ ಇಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ನಟಿಯರನ್ನು ಮಾತಾಡಿಸಿದರು. ಕ್ಯಾಮೆರಾ ಹಿಡಿದವರು ಕರೋಲ್ ರೂಸೊಪೌಲೋಸ್. ಕೆನ್ನೆ ಒಳಗೆ ಹೋದಂತೆ ಕಾಣಲಿ ಅಂತ ದವಡೆಯನ್ನೇ ಮುರಿಸಿಕೊಳ್ಳಲು ಸ್ಟುಡಿಯೋದವರು ಹೇಳಿದ್ದರು ಅಂತ ಹಾಲಿವುಡ್ ನಟಿ ಜೇನ್ ಫೋಂಡಾ ಅದರಲ್ಲಿ ಹೇಳುತ್ತಾರೆ. ದನಿ ಎತ್ತುವುದಿಲ್ಲ, ಮಾಮೂಲು ಮಾತಿನಂತೆ ಹೇಳುತ್ತಾರೆ. ಇಂಥ ಟೇಪುಗಳು ಕಪಾಟಿನಲ್ಲಿ ಬಿದ್ದು ಹಾಳಾಗಬಾರದು ಅಂತ ಸೇರಿಗ್, ರೂಸೊಪೌಲೋಸ್ ಮತ್ತು ಯೋವಾನಾ ವೀಡರ್ ಮೂವರೂ ಸೇರಿ 1982ರಲ್ಲಿ ಪ್ಯಾರಿಸ್ಸಿನಲ್ಲಿ ಸ್ತ್ರೀವಾದಿ ಲೇಖಕಿ ಸಿಮೋನ್ ದ ಬೊವಾ ಹೆಸರಿನಲ್ಲಿ ಒಂದು ದೃಶ್ಯ-ಶ್ರವ್ಯ ಕೇಂದ್ರ ತೆರೆದರು. ಆಗಿನ ಮಹಿಳಾ ಹಕ್ಕುಗಳ ಸಚಿವೆ ಈವೆಟ್ ರೂಡಿ ಬೆನ್ನಿಗೆ ನಿಂತರು. ಹೌದು, ಒಬ್ಬ ಸಚಿವೆ. ಹೆಂಗಸರ ಹೋರಾಟ, ಹೆರಿಗೆ, ಕೂಲಿ, ಕಲೆ ಎಲ್ಲದರ ಟೇಪುಗಳೂ ಅಲ್ಲಿಗೆ ಬಂದವು. 1990ರ ದಶಕದಲ್ಲಿ ಹಣ ಸಾಲದೆ ಬಾಗಿಲು ಹಾಕಿತು. ಮುಂದಿನ ದಶಕದಲ್ಲಿ ಮತ್ತೆ ತೆರೆಯಿತು. ಇದರಿಂದ ನನಗೆ ಅರ್ಥವಾಗುವುದು ಇಷ್ಟೆ: ಒಂದು ಸಲ ಅನುದಾನ ಕೊಟ್ಟು ಫೋಟೋ ತೆಗೆಸಿಕೊಂಡರೆ ಸಾಲದು. ವರ್ಷ ವರ್ಷವೂ ಕೊಡಬೇಕು.

ನಮ್ಮಲ್ಲಿ ಏನಾಯಿತು ನೋಡಿ. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್ ಮತ್ತು ಅವರ ಜೊತೆಗಾರರು 'ಯುಗಾಂತರ್' ಅನ್ನುವ ಚಿತ್ರ ತಂಡ ಕಟ್ಟಿದರು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಒಟ್ಟಾಗಿ ಸಂಘ ಕಟ್ಟಿ ನಿಂತದ್ದನ್ನು ಆ ಹೆಂಗಸರ ಜೊತೆ ಇದ್ದು, ಅವರ ಮಾತಿನಲ್ಲೇ ಚಿತ್ರ ಮಾಡಿದರು. ಮನೆಗೆಲಸದವರ ಬಗ್ಗೆ, ಗಂಡನ ಹೊಡೆತ ತಿನ್ನುವ ಹೆಂಡತಿಯ ಬಗ್ಗೆ ಚಿತ್ರ ಮಾಡಿದರು. ಆ ಚಿತ್ರಗಳು ಇವತ್ತು ನಮಗೆ ಚೆನ್ನಾಗಿ ನೋಡಲು ಸಿಗುತ್ತಿರುವುದಕ್ಕೆ ಕಾರಣ ಬರ್ಲಿನ್ನಿನ ಆರ್ಸೆನಲ್ ಅನ್ನುವ ಚಿತ್ರಸಂಸ್ಥೆ. ಅವರು ಡಿಜಿಟಲ್ ಮಾಡಿ ಉಳಿಸಿದರು. ಅವರಿಗೆ ನಾನು ಋಣಿ. ಆದರೆ ನಿಪ್ಪಾಣಿಯ ಹೆಂಗಸರ ದನಿ ಉಳಿಯಲು ಬರ್ಲಿನ್ನಿಗೆ ಹೋಗಿ ಬರಬೇಕಾಯಿತು ಅನ್ನುವುದು ನನ್ನ ಮನಸ್ಸನ್ನು ಬಿಟ್ಟುಹೋಗುವುದಿಲ್ಲ.

ಉಳಿಸುವುದರಿಂದ ಏನು ಸಿಗುತ್ತದೆ ಅಂತ ಕೇಳುವವರಿಗೆ ಸಬಾ ದಿವಾನ್ ಅವರ 'ದಿ ಅದರ್ ಸಾಂಗ್' ಸಾಕ್ಷ್ಯಚಿತ್ರ ತೋರಿಸಿ. ಬನಾರಸ್ಸಿನ ತವಾಯಫ್ (ಹಾಡು, ಕುಣಿತವೇ ವೃತ್ತಿಯಾಗಿದ್ದ ಹೆಂಗಸರು) ಗಾಯಕಿ ರಸೂಲನ್ ಬಾಯಿ ಅವರ ಒಂದು ಪ್ರಸಿದ್ಧ ಠುಮ್ರಿ ಇದೆ. ನಮಗೆಲ್ಲ ಗೊತ್ತಿರುವ ಸಾಲಿನಲ್ಲಿ 'ಹೃದಯ' ಅನ್ನುವ ಅರ್ಥದ ಮಾತಿದೆ. 1935ರಲ್ಲಿ ಅವರೇ ಹಾಡಿದ ಗ್ರಾಮಫೋನ್ ತಟ್ಟೆಯಲ್ಲಿ ಆ ಜಾಗದಲ್ಲಿ 'ಮೊಲೆ' ಅನ್ನುವ ಮಾತಿತ್ತು. ಆ ಒಂದು ಪದದ ಬೆನ್ನು ಹತ್ತಿ ಇಡೀ ಚಿತ್ರ ನಡೆಯುತ್ತದೆ. ಹಾಡುವ ಹೆಂಗಸರನ್ನು ಮರ್ಯಾದಸ್ಥ ಸಮಾಜ ಹೇಗೆ ತಿದ್ದಿತು, ಹೇಗೆ ಅಳಿಸಿತು ಅಂತ ಒಂದು ಹಳೇ ತಟ್ಟೆ ಬಾಯಿಬಿಟ್ಟು ಹೇಳಿತು. ಆ ತಟ್ಟೆ ಒಡೆದು ಹೋಗಿದ್ದರೆ ಸಾಕ್ಷಿಯೇ ಇರುತ್ತಿರಲಿಲ್ಲ.

ನಾನು ದೊಡ್ಡ ಭವನ ಕೇಳುತ್ತಿಲ್ಲ. ಒಂದು ಕೋಣೆ ಸಾಕು. ತೇವವಿಲ್ಲದ, ತಂಪಾದ ಕೋಣೆ. ಅಲ್ಲಿ ಓಡುವ ಸ್ಥಿತಿಯ ಯಂತ್ರಗಳು: ಮಿನಿ ಡಿವಿ, ಬೀಟಾಕ್ಯಾಮ್, ಯೂಮ್ಯಾಟಿಕ್, ವಿಎಚ್‌ಎಸ್. ಅವನ್ನು ರಿಪೇರಿ ಮಾಡಬಲ್ಲ ಹಿರಿಯರಿಗೆ ಸಂಬಳ ಕೊಟ್ಟು ಕರೆಸಿ. ಜೊತೆಗೆ ಇಬ್ಬರು ಹುಡುಗ ಹುಡುಗಿಯರನ್ನು ಕೂರಿಸಿ ಕಲಿಸಿ. ಯಾರೇ ಕ್ಯಾಸೆಟ್ ತಂದರೂ ದುಡ್ಡು ಕೇಳದೆ ಡಿಜಿಟಲ್ ಮಾಡಿಕೊಡಲಿ. ಒಂದು ಕಾಪಿ ಅವರಿಗೆ, ಒಂದು ಕಾಪಿ ಸರ್ಕಾರದ ಬಳಿ, ಇನ್ನೊಂದು ಬೇರೆ ಊರಿನಲ್ಲಿ.

ಒಂದು ವಿಷಯದಲ್ಲಿ ಮಾತ್ರ ತುಂಬ ಹುಷಾರಾಗಿರಬೇಕು. ಈ ಟೇಪುಗಳಲ್ಲಿ ಇರುವವರು ನಿಜವಾದ ಹೆಂಗಸರು. ಕೆಲವರು ಮೈ ತೋರಿಸಿದ್ದಾರೆ, ಕೆಲವರು ಮನೆಯೊಳಗಿನ ಹಿಂಸೆ ಹೇಳಿಕೊಂಡಿದ್ದಾರೆ. ಅವತ್ತು ನಲವತ್ತು ಜನರ ಮುಂದೆ ಮಾಡಿದ್ದನ್ನು ಇವತ್ತು ಮೊಬೈಲಿನಲ್ಲಿ ಲಕ್ಷ ಜನ ತುಂಡು ಮಾಡಿ ಹಂಚಿದರೆ ಅದು ದ್ರೋಹ. ಹಾಗಾಗಿ ಉಳಿಸುವುದು ಬೇರೆ, ತೋರಿಸುವುದು ಬೇರೆ ಅಂತ ನಿಯಮದಲ್ಲೇ ಬರೆಯಿರಿ. ಯಾವುದನ್ನು ಯಾರಿಗೆ ತೋರಿಸಬೇಕು ಅಂತ ಕಲಾವಿದೆ ಹೇಳಲಿ. ಆಕೆ ಇಲ್ಲದಿದ್ದರೆ ಮನೆಯವರ ಜೊತೆ ಆಕೆಯ ಓರಗೆಯ ಕಲಾವಿದೆಯರನ್ನೂ ಕೇಳಿ. ಯಾಕೆಂದರೆ ಕೆಲವು ಮನೆಗಳಲ್ಲಿ ಆ ಟೇಪ್ ಸುಟ್ಟರೆ ಸಾಕು ಅನ್ನುವವರೂ ಇರುತ್ತಾರೆ. ಕಾಲೇಜಿನಲ್ಲಿ, ರಂಗಮಂದಿರದಲ್ಲಿ ತೋರಿಸಲು ಒಪ್ಪಿಗೆ ಸಿಕ್ಕ ಚಿತ್ರಗಳಿಗೆ ಇಲಾಖೆಯೇ ವ್ಯವಸ್ಥೆ ಮಾಡಲಿ, ತೋರಿಸಿದಾಗಲೆಲ್ಲ ಮಾಡಿದವರಿಗೆ ಸಂಭಾವನೆ ಕೊಡಲಿ.

ಆ ಹುಡುಗಿಯ ಮನೆಯಲ್ಲಿ ಇನ್ನೂ ಎರಡು ಕ್ಯಾಸೆಟ್ ಇವೆ. ಮೇಲೆ ಅವಳ ಅಮ್ಮನ ಕೈಬರಹದಲ್ಲಿ ತಾರೀಖು ಮಾತ್ರ ಇದೆ, ಒಳಗೆ ಏನಿದೆ ಅಂತ ಗೊತ್ತಿಲ್ಲ. ಸದ್ಯಕ್ಕೆ ಅವನ್ನು ಎಲ್ಲೂ ಹಾಕಬೇಡ ಅಂದಿದ್ದೇನೆ. ನನ್ನ ಡೆಕ್ಕಿನ ಮೇಲೆ ನನಗೇ ನಂಬಿಕೆ ಉಳಿದಿಲ್ಲ. ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ತೇವ ಹೀರುತ್ತಾ ಅಂತ ಅವಳು ಕೇಳಿದಳು. ಬೇಡ, ಧೂಳು ಸೇರುತ್ತದೆ, ಪೆಟ್ಟಿಗೆ ಸಮೇತ ನೆಟ್ಟಗೆ ನಿಲ್ಲಿಸಿಡು ಅಂದೆ. ಈ ಪತ್ರಕ್ಕೆ ನೀವು ಉತ್ತರ ಬರೆದರೆ ಮೊದಲು ಅವಳಿಗೇ ಫೋನ್ ಮಾಡುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಸಾಕ್ಷ್ಯಚಿತ್ರ ಎಡಿಟರ್